ಯಂತ್ರಗಳನ್ನು ತೊಳೆಯುವ ಪೆಟ್ರೋಲ್ ಪ್ರೆಷರ್ ವಾಷರ್‌ಗೆ 200 ಬಾರ್ ಸಾಕೇ, 250 ಬೇಕೇ?

ಪವರ್ ಟಿಲ್ಲರ್, ಹುಲ್ಲು ಕತ್ತರಿಸುವ ಯಂತ್ರ ಮತ್ತು ಟ್ರೈಲರ್ ಇವೆ, ತೊಳೆಯುವ ಜಾಗದಲ್ಲಿ ವಿದ್ಯುತ್ ಸಂಪರ್ಕ ಇಲ್ಲ, ಆದ್ದರಿಂದ ಪೆಟ್ರೋಲ್ ಪ್ರೆಷರ್ ವಾಷರ್ ಕೊಳ್ಳಬೇಕೆಂದಿದ್ದೇನೆ, 200 ಬಾರ್ (ನೀರಿನ ಒತ್ತಡದ ಅಳತೆ) ಸಾಕೇ ಅಥವಾ 250 ಬಾರ್‌ನದೇ ಬೇಕೇ ಎಂದು ಕೇಳಿದ್ದೀರಿ. ನಿಮ್ಮ ಕೆಲಸಕ್ಕೆ 150ರಿಂದ 200 ಬಾರ್ ಧಾರಾಳವಾಗಿ ಸಾಕು. ಅದಕ್ಕಿಂತ ಮೇಲಿನ ಒತ್ತಡಕ್ಕೆ ಕೊಡುವ ಹಣವನ್ನು ಹೆಚ್ಚು ನೀರು ಕೊಡುವ, ರಿಪೇರಿ ಮಾಡಿಸಬಹುದಾದ ಪಂಪಿಗೆ ಹಾಕುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಣ್ಣು ಮೆತ್ತಿದ ಯಂತ್ರಕ್ಕೆ ವಾಷರ್ ಆರಿಸುವಾಗ ನಾನು ಮೊದಲು ನೋಡುವುದು ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ ಎಂಬುದನ್ನು. ಒತ್ತಡವು ಅಂಟಿದ ಮಣ್ಣನ್ನು ಸಡಿಲಿಸುತ್ತದೆ, ಆದರೆ ಸಡಿಲವಾದದ್ದನ್ನು ಕೊಚ್ಚಿಕೊಂಡು ಹೋಗುವುದು ನೀರಿನ ಪ್ರಮಾಣ. ನೀರು ಕಡಿಮೆ, ಒತ್ತಡ ಹೆಚ್ಚು ಇರುವ ವಾಷರ್‌ನಲ್ಲಿ ಟಿಲ್ಲರ್‌ನ ಬ್ಲೇಡುಗಳ ನಡುವಿನ ಕೆಸರು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತದೆ, ಅಷ್ಟರಲ್ಲಿ ಬಣ್ಣ ಮಾತ್ರ ಕಿತ್ತುಬರುತ್ತದೆ. ನಿಮಿಷಕ್ಕೆ 11ರಿಂದ 13 ಲೀಟರ್ ಕೊಡುವ ವಾಷರ್ ನಿಮಗೆ ಸರಿಹೊಂದುತ್ತದೆ.

ಜಾಹೀರಾತಿನ ಸಂಖ್ಯೆಗಳನ್ನು ಪರೀಕ್ಷಿಸಲು ಒಂದು ಸುಲಭವಾದ ಲೆಕ್ಕವಿದೆ. ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ, ಆ ನೀರನ್ನು ಆ ಒತ್ತಡದಲ್ಲಿ ತಳ್ಳಲು ಬೇಕಾದ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. 200 ಬಾರ್, 12 ಲೀಟರ್ ಎಂದರೆ 4 ಕಿಲೋವ್ಯಾಟ್. ಪಂಪಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ 6.5 ಅಶ್ವಶಕ್ತಿಯ, ಅಂದರೆ ಸುಮಾರು 200 ಸಿಸಿಯ ಎಂಜಿನ್ ಅದನ್ನು ಪೂರ್ತಿ ದುಡಿದು ಕೊಡಬಲ್ಲದು. ಅದೇ ಎಂಜಿನ್ನಿಗೆ 250 ಬಾರ್, 15 ಲೀಟರ್ ಎಂದು ಬರೆದಿದ್ದರೆ ನಂಬಬೇಡಿ, ಏಕೆಂದರೆ ಅಷ್ಟಕ್ಕೆ 6.25 ಕಿಲೋವ್ಯಾಟ್, ಅಂದರೆ ನಷ್ಟವನ್ನು ಸೇರಿಸುವ ಮೊದಲೇ ಎಂಟಕ್ಕೂ ಹೆಚ್ಚು ಅಶ್ವಶಕ್ತಿ ಬೇಕಾಗುತ್ತದೆ. ಗರಿಷ್ಠ ಒತ್ತಡ ಮತ್ತು ಗರಿಷ್ಠ ನೀರು ಎಂಬ ಎರಡು ಸಂಖ್ಯೆಗಳು ಒಟ್ಟಿಗೆ ದೊರೆಯುವಂಥವಲ್ಲದಿದ್ದರೂ ಅಕ್ಕಪಕ್ಕದಲ್ಲಿ ಅಚ್ಚಾಗಿರುತ್ತವೆ. ಕೆಲಸ ಮಾಡುವಾಗಿನ ಒತ್ತಡ ಎಷ್ಟು ಎಂದು ಬೇರೆಯಾಗಿಯೇ ಕೇಳಿ.

ಇನ್ನು ಪಂಪ್. ಕಡಿಮೆ ಬೆಲೆಯ ವಾಷರ್‌ಗಳಲ್ಲಿ ಎಂಜಿನ್ನಿನ ಶಾಫ್ಟಿಗೆ ನೇರವಾಗಿ ಜೋಡಿಸಿದ ಆಕ್ಸಿಯಲ್ ಪಂಪ್ ಇರುತ್ತದೆ, ಅದು ನಿಮಿಷಕ್ಕೆ ಸುಮಾರು 3,400 ಸುತ್ತಿನ ಎಂಜಿನ್ ವೇಗದಲ್ಲೇ ತಿರುಗುತ್ತದೆ. ಟ್ರಿಪ್ಲೆಕ್ಸ್ ಪಂಪಿನಲ್ಲಿ ಮೂರು ಪ್ಲಂಜರ್‌ಗಳು, ಅಂದರೆ ಹಿಂದೆ ಮುಂದೆ ಚಲಿಸಿ ನೀರನ್ನು ತಳ್ಳುವ ದಂಡಗಳು ಇರುತ್ತವೆ, ಗೇರ್ ಅಥವಾ ಬೆಲ್ಟ್ ಮೂಲಕ ವೇಗವನ್ನು ಅರ್ಧದಷ್ಟಕ್ಕೆ ಇಳಿಸಿದ್ದರೆ ಸವೆತ ಕಡಿಮೆ, ಮತ್ತು ಸೀಲು, ವಾಲ್ವುಗಳನ್ನು ಬಿಡಿಬಿಡಿಯಾಗಿ ಬದಲಿಸಬಹುದು. ತಿಂಗಳಿಗೊಮ್ಮೆ ಮಾತ್ರ ತೊಳೆಯುವುದಾದರೆ ಆಕ್ಸಿಯಲ್ ಪಂಪ್ ನಡೆದೀತು. ಪ್ರತಿ ವಾರವೂ ಗಂಟೆಗಟ್ಟಲೆ ಕೆಲಸವಿದ್ದರೆ ಟ್ರಿಪ್ಲೆಕ್ಸನ್ನೇ ಆರಿಸಿಕೊಳ್ಳಿ. ಯಾವುದನ್ನೇ ಕೊಂಡರೂ, ಆ ಮಾದರಿಯ ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ.

ಬಹಳ ಮಂದಿ ಮರೆಯುವ ವಿಷಯವೆಂದರೆ ನೀರಿನ ಪೂರೈಕೆ. ಹತ್ತು ಲೀಟರಿನ ಬಕೆಟ್ಟನ್ನು ನಿಮ್ಮ ನಲ್ಲಿಯ ಕೆಳಗಿಟ್ಟು ಸಮಯ ನೋಡಿ. ನಲವತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್ ಬರುತ್ತಿದೆ ಎಂದರ್ಥ, 12 ಲೀಟರಿನ ಪಂಪಿಗೆ ಅದು ಸಾಲುತ್ತದೆ. ಒಂದು ನಿಮಿಷ ಹಿಡಿದರೆ ಪಂಪ್ ಗಾಳಿ ಎಳೆದುಕೊಂಡು ಒಳಗಿಂದೊಳಗೇ ಹಾಳಾಗುತ್ತದೆ. ತೊಟ್ಟಿಯಿಂದ ನೀರು ತೆಗೆಯುವುದಾದರೆ, ತಾನಾಗಿ ನೀರನ್ನು ಎಳೆದುಕೊಳ್ಳುವ ಪಂಪ್ ಹೌದೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಎಲ್ಲ ಪಂಪುಗಳಿಗೂ ಆ ಸಾಮರ್ಥ್ಯ ಇರುವುದಿಲ್ಲ. ಟ್ರಿಗರ್ ಬಿಟ್ಟಾಗ ಎಂಜಿನ್ ಓಡುತ್ತಲೇ ಇರುತ್ತದೆ, ಅದೇ ನೀರು ಪಂಪಿನೊಳಗೆ ಸುತ್ತುತ್ತಾ ಬಿಸಿಯಾಗುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬಿಡುವು ಬೇಕಿದ್ದರೆ ಎಂಜಿನ್ ನಿಲ್ಲಿಸಿಬಿಡಿ. ಬಿಸಿಯಾದ ನೀರನ್ನು ಹೊರಬಿಡುವ ಥರ್ಮಲ್ ವಾಲ್ವ್ ಇರುವ ಮಾದರಿ ಸಿಕ್ಕರೆ ಅದಕ್ಕೆ ಆದ್ಯತೆ ಕೊಡಿ.

ನಾಜಲ್‌ನ ಡಿಗ್ರಿ ಎಂದರೆ ನೀರು ಹರಡುವ ಕೋನ. ತೊಳೆಯುವಾಗ ಹಸಿರು ಬಣ್ಣದ 25 ಡಿಗ್ರಿ ಮತ್ತು ಬಿಳಿ ಬಣ್ಣದ 40 ಡಿಗ್ರಿ ನಾಜಲ್‌ಗಳೇ ಹೆಚ್ಚಿನ ಕೆಲಸಕ್ಕೆ ಸಾಕು. ಕೆಂಪು ಬಣ್ಣದ 0 ಡಿಗ್ರಿ ನಾಜಲನ್ನು ಯಂತ್ರಗಳ ಮೇಲೆ ಬಳಸಲೇಬೇಡಿ. ಎಂಜಿನ್ ತಣ್ಣಗಾದ ಮೇಲೆ ಬಿಳಿ ನಾಜಲಿನಿಂದ ಎಲ್ಲವನ್ನೂ ಒದ್ದೆ ಮಾಡಿ ಹತ್ತು ನಿಮಿಷ ನೆನೆಯಲು ಬಿಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಅಡಿಭಾಗವನ್ನು ತೊಳೆಯುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದು, ಏರ್ ಫಿಲ್ಟರ್ ಇರುವ ಬದಿ ಮೇಲಕ್ಕೆ ಬರುವಂತೆ ವಾಲಿಸಿ. ಬ್ಲೇಡಿನ ಬೇರಿಂಗ್, ಟಿಲ್ಲರ್‌ನ ಆಕ್ಸಲ್ ಸೀಲ್, ರೇಡಿಯೇಟರ್‌ನ ತೆಳು ರೆಕ್ಕೆಗಳು, ವೈರಿಂಗ್ ಮತ್ತು ಏರ್ ಫಿಲ್ಟರ್ ಇವುಗಳಿಗೆ ನೀರಿನ ಧಾರೆ ನೇರವಾಗಿ ತಾಗಬಾರದು. ಬೇರಿಂಗಿನೊಳಗೆ ನುಗ್ಗಿದ ನೀರು ಗ್ರೀಸನ್ನು ತೊಳೆದು ತುಕ್ಕು ಹಿಡಿಸುತ್ತದೆ. ತೊಳೆದಾದ ಮೇಲೆ ಗ್ರೀಸ್ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ಒತ್ತಿದರೆ ಒಳಗೆ ಸೇರಿದ ನೀರೂ ಹೊರಬರುತ್ತದೆ.

ಸುರಕ್ಷತೆಯ ವಿಷಯವಾಗಿ ಎರಡು ಮಾತು. ಪೆಟ್ರೋಲ್ ಎಂಜಿನ್ನನ್ನು ಶೆಡ್ಡಿನೊಳಗೆ, ಬಾಗಿಲು ತೆರೆದಿದ್ದರೂ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಈ ಒತ್ತಡದ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಚಿಕ್ಕ ಚುಕ್ಕೆಯಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ನೀರಿನ ಧಾರೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇರಲಿ.

ತಿಂಗಳಿಗಿಂತ ಹೆಚ್ಚು ಕಾಲ ಬಳಸದೆ ಇಡುವುದಾದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಖಾಲಿ ಮಾಡಿ, ಪಂಪಿನ ನೀರನ್ನು ಬಸಿದು ಇಡಿ. ನಿಮ್ಮ ನಲ್ಲಿಯ ಬಕೆಟ್ ಲೆಕ್ಕವನ್ನೂ, ನೋಡಿಟ್ಟಿರುವ ಮಾದರಿಯ ಎಂಜಿನ್ ಮತ್ತು ಪಂಪಿನ ವಿವರಗಳನ್ನೂ ಇಲ್ಲಿ ಬರೆದರೆ, ಅವೆರಡೂ ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ಹೇಳುತ್ತೇನೆ.