ಬಾಡಿಗೆ ಮನೆಯ ಗೋಡೆಗೆ ಬೂಸ್ಟು ಬಂದಿದೆ, ಯಾವ ಪೇಂಟ್ ಹೊಡೆಸಲಿ?

ಮಂಗಳೂರು, ಬಾಡಿಗೆ ಮನೆ, ಕಪಾಟಿನ ಹಿಂದೆ ಕಪ್ಪು ಬೂಸ್ಟು. ಯಾವ ಪೇಂಟೂ ಬೇಡ ಮಾರಾಯ್ರೆ. ಈಗ ಜುಲೈ ಅಲ್ವಾ, ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ.

ನಾನು ತೆಗೆದಿದ್ದೆ. ಕದ್ರಿ ಹತ್ತಿರ ಎರಡನೇ ಮಹಡಿಯ ಮನೆ. ನಾಲ್ಕು ದಿನ ಊರಿಗೆ ಹೋಗಿ ಬಂದು ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮಲಗುವ ಕೋಣೆಯ ಕಬ್ಬಿಣದ ಕಪಾಟು ಎಳೆದು ನೋಡಿದೆ, ಕಪಾಟಿನದೇ ಅಳತೆಗೆ ಗೋಡೆ ಕಪ್ಪಾಗಿತ್ತು. ಒಳಗೆ ಹೆಂಡತಿಯ ಧಾರೆ ಸೀರೆಯ ಮಡಿಕೆಯಲ್ಲೆಲ್ಲ ಬಿಳಿ ಚುಕ್ಕೆ.

ಅದು ಪಶ್ಚಿಮದ ಗೋಡೆ, ಮಳೆ ನೇರ ಹೊಡೆಯುತ್ತದೆ, ಹೊರಗಿಂದ ನೀರು ಒಸರುತ್ತಿದೆ ಅಂತ ನಾನೇ ತೀರ್ಮಾನ ಮಾಡಿ, ಓನರ್ ಹತ್ತಿರ ಜಗಳ ಆಡಿ, ಕೊನೆಗೆ ಕೈಯಿಂದ 8 ಸಾವಿರ ಹಾಕಿ ಬೂಸ್ಟು ಬರದ ಪೇಂಟ್ ಹೊಡೆಸಿದೆ. ಆಟಿ ತಿಂಗಳು (ಜುಲೈ-ಆಗಸ್ಟಿನ ತುಳು ತಿಂಗಳು) ಮುಗಿಯುವ ಮೊದಲೇ ಗುಳ್ಳೆ ಎದ್ದಿತು. ಉಗುರು ತಾಗಿಸಿದರೆ ಪೇಂಟ್ ಹಪ್ಪಳದ ಹಾಗೆ ಕಳಚಿ ಬಂತು, ಅದರ ಹಿಂಬದಿ ಕಪ್ಪೋ ಕಪ್ಪು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆಗಾಲದಲ್ಲಿ ಗಾರೆ ನೀರು ಕುಡಿದು ಕೂತಿರುತ್ತದೆ. ಮುಟ್ಟಿದರೆ ಒಣಗಿದ ಹಾಗೆ ಅನಿಸುತ್ತದೆ, ಒಳಗೆ ಒಣಗಿರುವುದಿಲ್ಲ. ಅದರ ಮೇಲೆ ಪೇಂಟ್ ಬಳಿಯುವುದು, ಒದ್ದೆ ಟವೆಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಎರಡೂ ಒಂದೇ. ಪೇಂಟಿನ ಮದ್ದು ಮೇಲ್ಮೈಯನ್ನು ಕಾಯುತ್ತದೆ, ಹಿಂದೆ ಉಳಿದ ಬೂಸ್ಟಿಗೆ ಅದು ಬರೀ ಹೊದಿಕೆ. ಸಾಲದ್ದಕ್ಕೆ ಪೇಂಟರ್ ಹಳೆ ಬೂಸ್ಟನ್ನು ಒಣ ಪೊರಕೆಯಲ್ಲಿ ಗುಡಿಸಿದ, ನಾನು ಫ್ಯಾನ್ ಹಾಕಿಕೊಂಡು ನೋಡುತ್ತಾ ನಿಂತೆ. ಆ ಪುಡಿ ಉಳಿದ ಮೂರು ಗೋಡೆಗೂ ಹೋಯಿತು. ನಗಬೇಡಿ.

ಆಮೇಲೆ ಭಾವ ಒಂದು ಉಪಾಯ ಹೇಳಿಕೊಟ್ಟರು. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಪಸೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂದೆ ಇದ್ದರೆ ಕೋಣೆಯ ಗಾಳಿಯಿಂದ. ನಮ್ಮದರಲ್ಲಿ ಹನಿ ಇದ್ದದ್ದು ಮುಂದೆ! ಪಾಪ ಓನರ್. ಕಿಟಕಿ ಮುಚ್ಚಿ, ಕೋಣೆಗೆ ಅಡ್ಡ ಹಗ್ಗ ಕಟ್ಟಿ, ದಿನಾ ಒಂದು ಬಕೆಟ್ ಬಟ್ಟೆ ಒಣಗಿಸುತ್ತಿದ್ದವರು ನಾವು. ಬಟ್ಟೆ ಒಣಗಿತು ಸರಿ, ಆ ನೀರು ಎಲ್ಲಿಗೆ ಹೋಯಿತು? ಮಳೆಗೆ ತಣ್ಣಗಾದ ಗೋಡೆಗೆ, ಅದರಲ್ಲೂ ಗಾಳಿಯಾಡದ ಕಪಾಟಿನ ಹಿಂದಕ್ಕೆ. ಅಜ್ಜಿಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಒಣಗಿಸುತ್ತಿದ್ದರು, ಹೊಗೆ ವಾಸನೆ ಅಂತ ನಾವು ಮೂಗು ಮುರಿಯುತ್ತಿದ್ದೆವು.

ನೀವು ಮೊದಲು ಪ್ಲಾಸ್ಟಿಕ್ ಅಂಟಿಸಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ತನ್ನಿ, ಸಾಧ್ಯವಾದರೆ ಒಳಗೋಡೆಗೇ ಸಾಗಿಸಿ. ಬಟ್ಟೆ ಬಾಲ್ಕನಿಗೆ. ಬೂಸ್ಟನ್ನು ಮಾಸ್ಕ್ ಹಾಕಿಕೊಂಡು ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಚ್ ಬಳಸಿದರೆ ಅದಕ್ಕೆ ವಿನೆಗರ್, ಟಾಯ್ಲೆಟ್ ಆಸಿಡ್ ಏನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಕರ್ಪೂರ, ನುಸಿಗುಳಿಗೆ ಎಲ್ಲ ವಾಸನೆ ಮುಚ್ಚಲು ಅಷ್ಟೇ. ದಿನವಿಡೀ ಕಿಟಕಿ ತೆರೆದಿಡಿ ಅನ್ನುವವರ ಮಾತೂ ಬೇಡ, ಜಡಿಮಳೆಯಲ್ಲಿ ಹೊರಗಿನ ಗಾಳಿಯೇ ಒದ್ದೆ. ಮಳೆ ಬಿಟ್ಟಾಗ ತೆರೆಯಿರಿ.

ಪೇಂಟ್ ಬೇಕೇ ಬೇಕು ಅಂದರೆ ಜನವರಿಗೆ ನೋಡೋಣ. ಹಾಳೆಯ ಹಿಂದೆಯೇ ಪಸೆ ಸಿಕ್ಕಿದರೆ ಅದರ ಫೋಟೋ ತೆಗೆದುಕೊಂಡು ಓನರ್ ಹತ್ತಿರ ಹೋಗಿ, ನನ್ನ ಹಾಗೆ ಬರೀ ಬಾಯಿ ತೆಗೆದುಕೊಂಡು ಹೋಗಬೇಡಿ.