ಚಾಮಯ್ಯ ಮೇಷ್ಟ್ರು ಒಳ್ಳೆಯವರು, ಸರಿ. ಅಶ್ವಥ್ ಏನು ಮಾಡಿದರು?

ಪ್ರಿಯ ಬರಹಗಾರರೇ,

ಪೋಷಕ ನಟ ಕೆ.ಎಸ್. ಅಶ್ವಥ್ ಅವರ ಬಗ್ಗೆ ನೀವು ಕಳಿಸಿದ ಲೇಖನ ‘ತೆರೆಯ ಮೇಲಿನ ತಂದೆ’ ತಲುಪಿತು. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಎರಡೇ ಎರಡು. ನಾಯಕ ನಟರ ಮೇಲೆ ಹತ್ತು ಲೇಖನ ಬಂದರೆ ಪೋಷಕ ನಟರ ಮೇಲೆ ಒಂದು ಬರುವುದೂ ಕಷ್ಟ. ಹಾಗಾಗಿ ವಿಷಯ ಆರಿಸಿದ್ದಕ್ಕೆ ಶಹಭಾಸ್. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಮೊದಲು ದಿನಾಂಕ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29 ಎಂದು ಬರೆದಿದ್ದೀರಿ. ಅದು ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವಥ್ ಹೋದ ದಿನ. ಮರುದಿನ, ಡಿಸೆಂಬರ್ 30ಕ್ಕೆ, ವಿಷ್ಣುವರ್ಧನ್ ಹೋದರು. ನಿಮ್ಮ ಲೇಖನದ ಅಶ್ವಥ್ ಹೋದದ್ದು 2010ರ ಜನವರಿ 18ಕ್ಕೆ, ಮೈಸೂರಿನಲ್ಲಿ. ಮೂರು ವಾರದೊಳಗೆ ಮೂರು ಸಾವು, ಎರಡು ಒಂದೇ ಹೆಸರಿನವು. ಗೊಂದಲ ಯಾರಿಗಾದರೂ ಆಗಬಹುದು. ಆದರೆ ನೀವು ಆ ತಪ್ಪು ದಿನಾಂಕದ ಮೇಲೆ ಮನೆಯನ್ನೇ ಕಟ್ಟಿಬಿಟ್ಟಿದ್ದೀರಿ: ‘ಗುರುವಿಲ್ಲದ ಲೋಕದಲ್ಲಿ ಇರಲಾರೆನೆಂದು ರಾಮಾಚಾರಿಯೂ ಮರುದಿನವೇ ಹೊರಟ.’ ಲೇಖನದ ಕೊನೆಯ ವಾಕ್ಯ ಇದು. ‘ನಾಗರಹಾವು’ ಚಿತ್ರದಲ್ಲಿ ಅಶ್ವಥ್ ಚಾಮಯ್ಯ ಮೇಷ್ಟ್ರು, ವಿಷ್ಣುವರ್ಧನ್ ಅವರ ಶಿಷ್ಯ ರಾಮಾಚಾರಿ, ಸರಿ. ವಾಸ್ತವದಲ್ಲಿ ಶಿಷ್ಯನೇ ಮೊದಲು ಹೋದದ್ದು, 19 ದಿನ ಮುಂಚೆ.

ಈಗ ನಿಮಗೆ ಅದನ್ನು ತಿರುಗಿಸಿ ‘ಶಿಷ್ಯನ ಹಿಂದೆ ಗುರು’ ಎಂದು ಬರೆಯುವ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. 84 ವರ್ಷದ ವ್ಯಕ್ತಿ ತೀರಿಕೊಂಡದ್ದು ಯಾವ ಚಿತ್ರಕಥೆಯ ಕ್ಲೈಮ್ಯಾಕ್ಸೂ ಅಲ್ಲ. ಕಾಕತಾಳೀಯವನ್ನು ಭಾವನೆಯಾಗಿ ಮಾರಿದರೆ ಓದುಗ ಕಣ್ಣೊರೆಸಿಕೊಳ್ಳುತ್ತಾನೆ, ನಿಜ. ಅಶ್ವಥ್ ಬಗ್ಗೆ ಮಾತ್ರ ಏನೂ ತಿಳಿದುಕೊಂಡಿರುವುದಿಲ್ಲ.

ನನ್ನನ್ನು ನಿಜವಾಗಿ ಕೆರಳಿಸಿದ್ದು ಮೂರನೆಯ ಪ್ಯಾರಾ. ಇಡೀ ಲೇಖನದ ಕಾಯಿಲೆ ಅಲ್ಲಿದೆ. ಇಲ್ಲೇ ಇಳಿಸುತ್ತೇನೆ: ‘ಚಾಮಯ್ಯ ಮೇಷ್ಟ್ರ ಪಾತ್ರಕ್ಕೆ ಅಶ್ವಥ್ ಜೀವ ತುಂಬಿದರು. ಶಿಷ್ಯನನ್ನು ಸದಾ ಸರಿದಾರಿಯಲ್ಲಿ ನಡೆಸಿದ ಆದರ್ಶ ಗುರು ಅವರು. ಆ ಕಣ್ಣುಗಳಲ್ಲಿ ತುಂಬಿದ್ದು ಅವರದೇ ಸಾತ್ವಿಕತೆ. ಅವರು ನಟಿಸಲಿಲ್ಲ, ಬದುಕಿದರು.’

ನಾಲ್ಕು ವಾಕ್ಯ. ಒಂದೊಂದಾಗಿ ನೋಡೋಣ.

‘ಜೀವ ತುಂಬಿದರು.’ ನಾನು ಡೆಸ್ಕಿನಲ್ಲಿ ಕಣ್ಣು ಬಿಡುತ್ತಿದ್ದ ಕಾಲಕ್ಕೆ ಸಿನಿಮಾ ಪುಟದ ಪ್ರತಿಗೆ ಒಂದು ಪರೀಕ್ಷೆ ಇತ್ತು. ನಟನ ಹೆಸರು ಹೊಡೆದು ಅಲ್ಲಿ ಇನ್ನೊಬ್ಬ ನಟನ ಹೆಸರು ಬರೆಯುವುದು. ವಾಕ್ಯ ಹಾಗೇ ನಿಂತರೆ ಅದು ಯಾರ ಬಗ್ಗೆಯೂ ಹೇಳುತ್ತಿಲ್ಲ, ತೆಗೆ. ಹಿರಿಯರು ಇದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ನೀಲಿ ಪೆನ್ಸಿಲ್ಲಿನಲ್ಲಿ ‘ಸಂಪತ್’ ಅಂತಲೋ ‘ಪಂಢರೀಬಾಯಿ’ ಅಂತಲೋ ಬರೆದು ಹಾಳೆ ವಾಪಸು ತಳ್ಳುತ್ತಿದ್ದರು. ನಿಮ್ಮ ಪ್ರತಿಯ ಮೇಲೂ ಅದನ್ನೇ ಮಾಡಿ ನೋಡಿದೆ. ಆರು ಪುಟದಲ್ಲಿ ಅಶ್ವಥ್ ಇದ್ದ ಕಡೆ ಲೋಕನಾಥ್ ಎಂದು ಹಾಕುತ್ತಾ ಹೋದೆ. ಹೆಸರು ಬದಲಾದೊಡನೆ ಸುಳ್ಳಾದದ್ದು ಏಳೇ ವಾಕ್ಯ. ಅವೂ ಹುಟ್ಟಿದ ಊರು, ಇಸವಿ, ಸಿನಿಮಾಗಳ ಹೆಸರು, ಅಷ್ಟೆ.

‘ಸದಾ ಸರಿದಾರಿಯಲ್ಲಿ ನಡೆಸಿದ ಆದರ್ಶ ಗುರು.’ ‘ನಾಗರಹಾವು’ ಚಿತ್ರವನ್ನು ಈಚೆಗೆ ನೋಡಿದ್ದೀರಾ? ಅಥವಾ ‘ಮೇಷ್ಟ್ರು’ ಎಂದರೆ ಹೀಗೇ ಇರಬೇಕೆಂಬ ನಂಬಿಕೆಯಿಂದ ಬರೆದಿರಾ? ನಿರ್ದೇಶಕ ಪುಟ್ಟಣ್ಣ ಕಣಗಾಲ್ 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಹೆಣೆದ ಕಥೆ ಇದು. ಅದರ ನಡುಗಂಬವೇ ಮೇಷ್ಟ್ರು ಮಾಡುವ ತಪ್ಪು. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಹುಡುಗಿಯ ಮನೆಯವರು ಒಪ್ಪುವುದಿಲ್ಲ, ಮೇಷ್ಟ್ರು ಮಧ್ಯೆ ಬರುತ್ತಾರೆ. ಅವಳನ್ನು ಬಿಟ್ಟುಕೊಡು ಎಂದು ಅವನನ್ನು ಒಪ್ಪಿಸುತ್ತಾರೆ. ಬೇರೆ ಯಾರ ಮಾತನ್ನೂ ಕೇಳದ ಹುಡುಗ ಈ ಒಬ್ಬರ ಮಾತು ಕೇಳುತ್ತಾನೆ, ಅದೇ ದುರಂತ. ಮುಂದೆ ಅಲಮೇಲು ಎಂಥ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ ಎಂಬುದು ಚಿತ್ರ ನೋಡಿದ ಎಲ್ಲರಿಗೂ ಗೊತ್ತು. ಆಮೇಲೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯಕ್ಕೂ ಮೇಷ್ಟ್ರು ಅದೇ ಬುದ್ಧಿಮಾತು ಹಿಡಿದು ಬೆಟ್ಟ ಹತ್ತುತ್ತಾರೆ. ಈ ಸಲ ಹುಡುಗ ಕೇಳುವುದಿಲ್ಲ. ಅವನ ಕೈ ತಾಗಿ ಮೇಷ್ಟ್ರು ಕೆಳಗೆ ಬೀಳುತ್ತಾರೆ.

ಅಂದರೆ ಚಾಮಯ್ಯ ಶಿಷ್ಯನನ್ನು ಸರಿದಾರಿಯಲ್ಲಿ ನಡೆಸಲಿಲ್ಲ. ಮಕ್ಕಳಿಲ್ಲದ ಮನುಷ್ಯ ತನ್ನ ವಾತ್ಸಲ್ಯವನ್ನೆಲ್ಲ ಸುರಿದು, ಆ ವಾತ್ಸಲ್ಯದ ಬಲದಿಂದಲೇ ಒಬ್ಬ ಹುಡುಗನ ಬಾಳು ಮುರಿದರು. ಅಶ್ವಥ್ ಅವರ ಕಸುಬು ಇರುವುದು ಇಲ್ಲಿ. ಸಾಧಾರಣ ನಟನಿಗೆ ಈ ಪಾತ್ರ ಕೊಟ್ಟರೆ ಎರಡರಲ್ಲೊಂದು ಆಗುತ್ತದೆ. ಮೊದಲಿನಿಂದಲೇ ಸ್ವಲ್ಪ ಬಿಗುಮಾನ ಸೇರಿಸಿ ‘ಇವರು ಸಂಪ್ರದಾಯದ ಪ್ರತಿನಿಧಿ’ ಎಂದು ನಮಗೆ ಸೂಚನೆ ಕೊಡುತ್ತಾನೆ. ಇಲ್ಲವೇ ತಾನು ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕನ್ನು ಮುಂಚೆಯೇ ಮುಖದಲ್ಲಿ ತಂದುಕೊಳ್ಳುತ್ತಾನೆ. ಅಶ್ವಥ್ ಎರಡನ್ನೂ ಮಾಡುವುದಿಲ್ಲ. ತಪ್ಪು ಸಲಹೆಯನ್ನು ಸರಿಯಾದ ಸಲಹೆ ಕೊಡುವಷ್ಟೇ ನಂಬಿಕೆಯಿಂದ ಕೊಡುತ್ತಾರೆ. ಅದರಿಂದ ನೋಡುವವರೂ ರಾಮಾಚಾರಿಯ ಜೊತೆ ಸೇರಿ ಮೇಷ್ಟ್ರಿಗೆ ತಲೆಬಾಗುತ್ತಾರೆ, ಅವನ ಜೊತೆಗೇ ಮೋಸ ಹೋಗುತ್ತಾರೆ. ನಿಮ್ಮ ಲೇಖನ ಐವತ್ತು ವರ್ಷ ಕಳೆದ ಮೇಲೂ ‘ಆದರ್ಶ ಗುರು’ ಎನ್ನುತ್ತಿದೆ ಎಂದರೆ ಅಶ್ವಥ್ ನಿಮ್ಮನ್ನೂ ಗೆದ್ದಿದ್ದಾರೆ. ಅದನ್ನು ನೀವು ಗಮನಿಸಿ ಬರೆಯಬೇಕಿತ್ತು.

ಇದೇ ಚಿತ್ರದಲ್ಲಿ ಇನ್ನೊಬ್ಬ ಶಿಕ್ಷಕರಿದ್ದಾರೆ. ಲೋಕನಾಥ್ ಮಾಡಿದ ಪ್ರಿನ್ಸಿಪಾಲರು. ಕಾಪಿ ಹೊಡೆದದ್ದಕ್ಕೆ ಶಿಕ್ಷೆ ಕೊಟ್ಟ ಅವರನ್ನು ರಾಮಾಚಾರಿ ರಾತ್ರೋರಾತ್ರಿ ಕಂಬಕ್ಕೆ ಕಟ್ಟುತ್ತಾನೆ. ನಿಯಮದ ಪ್ರಕಾರ ನಡೆದ ಶಿಕ್ಷಕ ಕಂಬದಲ್ಲಿ, ಪ್ರೀತಿಯಿಂದ ನಡೆದ ಶಿಕ್ಷಕ ಪ್ರಪಾತದಲ್ಲಿ. ಇಬ್ಬರು ಪೋಷಕ ನಟರನ್ನು ಪಕ್ಕಪಕ್ಕ ಇಟ್ಟು ಒಂದು ಪ್ಯಾರಾ ಬರೆದಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ.

‘ಅವರದೇ ಸಾತ್ವಿಕತೆ’, ‘ನಟಿಸಲಿಲ್ಲ, ಬದುಕಿದರು’. ಈ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಎರಡೂ ಒಂದೇ ಅವಮಾನ. ಖಳನ ಪಾತ್ರ ಮಾಡುವವರ ಬಗ್ಗೆ ‘ತೆರೆಯ ಮೇಲೆ ಕ್ರೂರಿ, ನಿಜಜೀವನದಲ್ಲಿ ಮಗು’ ಎನ್ನುತ್ತೇವೆ, ಅಂದರೆ ಅವರ ನಟನೆಯನ್ನಾದರೂ ಒಪ್ಪಿಕೊಳ್ಳುತ್ತೇವೆ. ಒಳ್ಳೆಯ ತಂದೆಯ ಪಾತ್ರ ಮಾಡುವವರಿಗೆ ಆ ಮರ್ಯಾದೆಯೂ ಇಲ್ಲ. ಒಳ್ಳೆಯವರಿದ್ದರು, ಕ್ಯಾಮರಾ ಮುಂದೆ ಬಂದು ನಿಂತರು, ಸಂಬಳ ತೆಗೆದುಕೊಂಡರು!

ಲೆಕ್ಕ ನೋಡಿ. ಅಶ್ವಥ್ ಹುಟ್ಟಿದ್ದು 1925ರ ಮಾರ್ಚ್ 25. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24. ನಾಲ್ಕು ವರ್ಷವಷ್ಟೇ ಕಿರಿಯನಾದ ನಟನಿಗೆ ಅವರು ಮತ್ತೆ ಮತ್ತೆ ಅಪ್ಪನಾದರು. ಚಾಮಯ್ಯ ಮಾಡುವಾಗ ಅವರಿಗೆ 47. ಹಾಗಿದ್ದರೆ ಆ ಮುಪ್ಪು ಎಲ್ಲಿಂದ ಬಂತು? ಕೂದಲಿಗೆ ಬಿಳಿ ಬಳಿದರೆ ಮುಪ್ಪು ಬರುವುದಿಲ್ಲ, ಬಿಳಿ ಕೂದಲು ಬರುತ್ತದೆ. ಮುಪ್ಪು ಕಾಣುವುದು ಕುಳಿತವನು ಏಳುವ ರೀತಿಯಲ್ಲಿ, ತಿರುಗಿ ನೋಡುವಾಗ ಬರೀ ಕತ್ತು ತಿರುಗುತ್ತದೋ ಹೆಗಲೂ ಜೊತೆಗೆ ತಿರುಗುತ್ತದೋ ಎಂಬುದರಲ್ಲಿ, ಎರಡು ಮಾತಿನ ನಡುವೆ ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ ಎಂಬುದರಲ್ಲಿ.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು: ಕೇಳಿಸಿಕೊಳ್ಳುವುದು. ಪೋಷಕ ನಟನ ಅರ್ಧ ದುಡಿಮೆ ಇದೇ. ಎದುರಿಗೆ ಸಿಡಿಯುವ ರಾಮಾಚಾರಿ ಇದ್ದಾನೆ, ನಾಯಕನಾಗಿ ಮೊದಲ ಚಿತ್ರ ಮಾಡುತ್ತಿರುವ 22ರ ಹುಡುಗ. ಮೇಷ್ಟ್ರೂ ಅದೇ ಸ್ಥಾಯಿಗೆ ಏರಿದರೆ ಅದು ಜಗಳವಾಗುತ್ತದೆ, ತೀರಾ ತಣ್ಣಗಿದ್ದರೆ ಹುಡುಗ ಗೋಡೆಗೆ ಕೂಗಿದಂತಾಗುತ್ತದೆ. ನಾಯಕನ ಮಾತು ಬಂದು ತಾಗಲು ಒಂದು ಜಾಗ ಬೇಕು. ಆ ಜಾಗ ಎದುರಿನವರ ಮುಖ.

ಹಾಗಾದರೆ ಹೇಗೆ ಬರೆಯಬೇಕು? ಮೇಷ್ಟ್ರು ಅಲಮೇಲುವನ್ನು ಬಿಡಿಸುವ ದೃಶ್ಯ ಒಂದನ್ನೇ ತೆಗೆದುಕೊಳ್ಳಿ. ಇಡೀ ಚಿತ್ರ ಬೇಡ. ಮೊದಲ ಸಲ ಶಬ್ದ ಪೂರ್ತಿ ತೆಗೆದು ನೋಡಿ. ಎರಡನೆಯ ಸಲ ಪರದೆಗೆ ಬೆನ್ನು ಮಾಡಿ ಬರೀ ಕೇಳಿ. ಮೂರನೆಯ ಸಲ, ಮಾತು ವಿಷ್ಣುವರ್ಧನ್ ಅವರದಾಗಿರುವಾಗ ಅಶ್ವಥ್ ಅವರನ್ನು ಮಾತ್ರ ನೋಡಿ. ಇದು ಹೇಳಿದಷ್ಟು ಸುಲಭ ಅಲ್ಲ, ಕಣ್ಣು ಮಾತಾಡುವವನ ಕಡೆಗೇ ಓಡುತ್ತದೆ, ಬೆರಳಿಟ್ಟು ಅರ್ಧ ಪರದೆ ಮುಚ್ಚಿಕೊಳ್ಳಬೇಕು. ಹಾಳೆಯಲ್ಲಿ ನಾಲ್ಕು ಕಲಂ ಎಳೆಯಿರಿ: ನಿಮಿಷ-ಸೆಕೆಂಡು, ಶಾಟ್ ಹತ್ತಿರದ್ದೋ ದೂರದ್ದೋ, ಮಾತು ಯಾರದು, ಅಶ್ವಥ್ ಕೈ-ಕಣ್ಣು ಏನು ಮಾಡುತ್ತಿವೆ. ನಾಲ್ಕು ನಿಮಿಷದ ದೃಶ್ಯಕ್ಕೆ ಒಂದು ಗಂಟೆ ಹಿಡಿಯುತ್ತದೆ. ಜೊತೆಗೆ ಅವರು ‘ರಾಮಾಚಾರಿ’ ಎಂದು ಕರೆಯುವ ಕಡೆಯೆಲ್ಲ ಗುರುತು ಹಾಕಿ. ಕೊನೆಯ ಸ್ವರ ಎಲ್ಲಿ ಎಳೆಯುತ್ತದೆ, ಎಲ್ಲಿ ತುಂಡಾಗುತ್ತದೆ ಎಂದು ಬರೆದುಕೊಳ್ಳಿ. ಲೇಖನದ ಎರಡು ಪುಟ ಆ ಒಂದು ಹೆಸರಿನಲ್ಲೇ ಇದೆ.

ಒಂದು ಎಚ್ಚರಿಕೆ. ಈ ಚಿತ್ರ 2018ರಲ್ಲಿ ಸಿನಿಮಾಸ್ಕೋಪ್ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. ನಾಲ್ಕಕ್ಕೆ ಮೂರರ ಹಳೆಯ ಚೌಕಟ್ಟನ್ನು ಕತ್ತರಿಸಿ ಅಗಲ ಪರದೆಗೆ ಹೊಂದಿಸಿದರೆ ಯಾವ ಚಿತ್ರದ್ದೇ ಆಗಲಿ ಎತ್ತರದಲ್ಲಿ ನೂರಕ್ಕೆ ನಲವತ್ತರಷ್ಟು ಹೋಗುತ್ತದೆ. ನಾಯಕನ ಮುಖ ಉಳಿಯುತ್ತದೆ. ಹೋಗುವುದು ಪಕ್ಕದಲ್ಲಿ ನಿಂತವರ ಕೈ. ನೀವು ಯಾವ ಪ್ರತಿ ನೋಡಿದಿರಿ ಎಂಬುದನ್ನು ತಿಳಿದುಕೊಂಡು, ಸಾಧ್ಯವಾದರೆ ಹಳೆಯ ಚೌಕಟ್ಟಿನದನ್ನೇ ಹುಡುಕಿ ನೋಡಿ. ಟೀವಿಗೆಂದು ಕತ್ತರಿಸಿದ ಪ್ರತಿಗಳಲ್ಲಿ ಮೊದಲು ಹಾರುವುದೂ ಪೋಷಕ ನಟರ ಶಾಟುಗಳೇ.

ಹೋಲಿಕೆಗೆ ಬೇಕಾದರೆ ಪುಟ್ಟಣ್ಣನವರೇ 1974ರಲ್ಲಿ ಹಿಂದಿಯಲ್ಲಿ ಮಾಡಿದ ‘ಜಹರೀಲಾ ಇನ್ಸಾನ್’ ಇದೆ, ಅದೇ ವರ್ಷದ ತೆಲುಗಿನ ‘ಕೋಡೆ ನಾಗು’ ಇದೆ. ತೆಲುಗಿನಲ್ಲಿ ಮೇಷ್ಟ್ರಾದದ್ದು ಆಚಾರ್ಯ ಆತ್ರೇಯ, ಕಸುಬಿನಿಂದ ಗೀತರಚನಕಾರರು, ನಾಟಕಕಾರರು. ಒಂದೇ ಮೇಷ್ಟ್ರು, ಬೇರೆ ಬೇರೆ ಮೈ. ಅಶ್ವಥ್ ಏನು ಮಾಡಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

ಉಳಿದ ಪುಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗಳ ಒಟ್ಟು ಸಂಖ್ಯೆ ಮೊದಲ ಪುಟದಲ್ಲಿ ಒಂದು, ಐದನೆಯದರಲ್ಲಿ ಇನ್ನೊಂದು. ಎರಡನ್ನೂ ತೆಗೆದು ನೀವು ನೋಡಿದ ಚಿತ್ರಗಳ ಪಟ್ಟಿ ಕೊಡಿ. 1955ರ ‘ಸ್ತ್ರೀರತ್ನ’ ಮೊದಲ ಚಿತ್ರ ಎಂಬುದು ಸರಿ, ಚಾಮಯ್ಯನಿಗೆ ರಾಜ್ಯ ಸರ್ಕಾರದ ಪೋಷಕ ನಟ ಪ್ರಶಸ್ತಿ ಬಂದದ್ದೂ ಸರಿ. ಸಿನಿಮಾಕ್ಕೆ ಮುಂಚೆ ಫುಡ್ ಇನ್ಸ್‌ಪೆಕ್ಟರ್ ಆಗಿದ್ದರು ಎಂದು ಬರೆದು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಂಗಡಿ ಅಂಗಡಿಗೆ ಹೋಗಿ ಸುಳ್ಳು ಹೇಳುವವರ ಮುಖ ನೋಡುವ ಕೆಲಸ ಅದು! ಮೈಸೂರಿನಲ್ಲಿ ನೆಲೆಸಿದ ನಟನಿಗೆ ಅದೇ ಊರಿನ ಪ್ರೀಮಿಯರ್ ಸ್ಟುಡಿಯೋ ಎಷ್ಟು ಕೆಲಸ ಕೊಟ್ಟಿತು, ಮದ್ರಾಸಿಗೆ ಎಷ್ಟು ಓಡಾಟ ಇತ್ತು ಎಂಬುದನ್ನೂ ವಿಚಾರಿಸಿ.

1,200 ಪದಕ್ಕೆ ಇಳಿಸಿ ಮತ್ತೆ ಕಳಿಸಿ. ‘ಸಾತ್ವಿಕ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಒಂದಿರಲಿ. ಫೋಟೋಗಳಲ್ಲಿ ಮೊದಲನೆಯದು, ಪೇಟ ತೊಟ್ಟದ್ದು, ನಡೆಯುತ್ತದೆ. ಎರಡನೆಯದರಲ್ಲಿ ಗಡ್ಡ, ಜುಬ್ಬಾ, ಮುಂದೆ ಹಾರ್ಮೋನಿಯಂ ಇದೆ.