ಇನ್ಸುಲಿನ್ ತಗೊಂಡರೂ ಶುಗರ್ ಏರಿಳಿಯುವುದೇಕೆ?

ಪ್ರಶ್ನೆ: ನಮ್ಮ ತಾಯಿಗೆ 63 ವರ್ಷ, ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಒಂದು ವರ್ಷದಿಂದ 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು ಶೇ 30, ನಿಧಾನದ್ದು ಶೇ 70 ಬೆರೆತದ್ದು) ಬೆಳಿಗ್ಗೆ 20 ಯೂನಿಟ್, ರಾತ್ರಿ 12 ಯೂನಿಟ್ ತಗೋತಿದ್ದಾರೆ. ಊಟ ಎಂದಿನಂತೆಯೇ ಇದೆ. ಆದರೂ ಖಾಲಿ ಹೊಟ್ಟೆಯ ಶುಗರ್ ಒಂದು ದಿನ 90 ಇದ್ದರೆ ಇನ್ನೊಂದು ದಿನ 260. ಡೋಸ್ ಏರಿಸಬೇಕೇ? ಹೊಕ್ಕುಳ ಬಲಗಡೆ ಯಾವಾಗಲೂ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾರೆ, ಅಲ್ಲಿ ನೋವೇ ಆಗಲ್ಲ ಅಂತಾರೆ.

ಉತ್ತರ: ಈಗಲೇ ಡೋಸ್ ಏರಿಸಬೇಡಿ. ನಿಮ್ಮ ಕೊನೆಯ ಸಾಲಿನಲ್ಲೇ ಕಾರಣದ ಸುಳಿವಿದೆ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಚುಚ್ಚಿದರೆ ಚರ್ಮದ ಕೆಳಗಿನ ಕೊಬ್ಬು ಬೆಳೆದು ಗಂಟು ಕಟ್ಟುತ್ತದೆ. ಗಂಟಿನ ಜಾಗದಲ್ಲಿ ಸ್ಪರ್ಶ ಮಂದವಾಗುವುದರಿಂದ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದೇ ಮತ್ತೆ ಮತ್ತೆ ಅಲ್ಲಿಗೇ ಸೂಜಿ ಹೋಗುತ್ತದೆ. ಗಂಟಿಗೆ ಬಿದ್ದ ಇನ್ಸುಲಿನ್ ರಕ್ತಕ್ಕೆ ಒಂದೇ ಸಮ ಸೇರುವುದಿಲ್ಲ. ಒಂದು ದಿನ ತಡವಾಗಿ, ಇನ್ನೊಂದು ದಿನ ಸ್ವಲ್ಪವೇ, ಮತ್ತೊಂದು ದಿನ ಒಟ್ಟಿಗೇ ಸೇರುತ್ತದೆ. 90 ಮತ್ತು 260ರ ಈ ಹೊಯ್ದಾಟಕ್ಕೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಅಮ್ಮನನ್ನು ಅಂಗಾತ ಮಲಗಿಸಿ, ಬೆರಳಿಗೆ ಸ್ವಲ್ಪ ಸೋಪಿನ ನೀರು ಹಚ್ಚಿಕೊಂಡು ಆ ಜಾಗವನ್ನು ನಿಧಾನವಾಗಿ ಸವರಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಗಟ್ಟಿ ಅಥವಾ ರಬ್ಬರಿನಂತೆ ಸಿಕ್ಕರೆ, ಚಿವುಟಿದಾಗ ತೆಳುವಾಗಿ ಮಡಿಸಿಕೊಳ್ಳದಿದ್ದರೆ ಅದು ಗಂಟು. ಕಣ್ಣಿಗೆ ಕಾಣದ ಗಂಟೂ ಕೈಗೆ ಸಿಗುತ್ತದೆ. ಪೆನ್ನಿನಿಂದ ಅದರ ಸುತ್ತ ಗೆರೆ ಎಳೆಯಿರಿ. ಅದು ಪೂರ್ತಿ ಕರಗುವವರೆಗೆ, ಎಂದರೆ ಎಷ್ಟೋ ತಿಂಗಳು, ಆ ಗೆರೆಯೊಳಗೆ ಸೂಜಿ ಬೇಡ.

ಇಲ್ಲಿ ಒಂದು ಅಪಾಯವಿದೆ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಚುಚ್ಚಿದ ದಿನದಿಂದ ಇನ್ಸುಲಿನ್ ಪೂರ್ತಿ ಕೆಲಸ ಮಾಡತೊಡಗುತ್ತದೆ. ಅದೇ 20 ಯೂನಿಟ್‌ಗೆ ಶುಗರ್ 60ಕ್ಕೂ ಇಳಿಯಬಹುದು. ಹಾಗಾಗಿ ಜಾಗ ಬದಲಿಸುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ. ಸಾಮಾನ್ಯವಾಗಿ ಡೋಸ್ ಇಳಿಸಬೇಕಾಗುತ್ತದೆ. ಎಷ್ಟು ಎಂಬುದನ್ನು ಅವರು ಹೇಳಲಿ. ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ರಾತ್ರಿ ಊಟಕ್ಕೆ ಮುಂಚೆ, ಆಗೊಮ್ಮೆ ಈಗೊಮ್ಮೆ ರಾತ್ರಿ ಮೂರರ ಹೊತ್ತಿಗೆ ಶುಗರ್ ನೋಡಿ ಬರೆದಿಡಿ.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ವಾರಕ್ಕೊಂದು ಭಾಗ, ಪ್ರತಿ ಚುಚ್ಚೂ ಹಿಂದಿನದಕ್ಕಿಂತ ಒಂದು ಬೆರಳಗಲ ದೂರ. ಹೊಕ್ಕುಳ ಸುತ್ತ ಎರಡು ಬೆರಳಗಲ ಬಿಡಿ. ತೊಡೆಯ ಹೊರಬದಿಯೂ ಆಗುತ್ತದೆ, ಆದರೆ ಅಲ್ಲಿಂದ ಇನ್ಸುಲಿನ್ ಹೊಟ್ಟೆಗಿಂತ ನಿಧಾನವಾಗಿ ಏರುತ್ತದೆ. ಬೆಳಿಗ್ಗೆ ಹೊಟ್ಟೆ, ರಾತ್ರಿ ತೊಡೆ ಎಂದು ಗೊತ್ತು ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಒಂದೇ ಸೂಜಿಯನ್ನು ದಿನಗಟ್ಟಲೆ ಬಳಸಿದರೆ ಮೊನೆ ಮೊಂಡಾಗಿ ಗಂಟು ಇನ್ನೂ ಬೇಗ ಕಟ್ಟುತ್ತದೆ.

ಇನ್ನೆರಡನ್ನೂ ಗಮನಿಸಿ. 30/70 ಇನ್ಸುಲಿನ್ ನಿಂತಲ್ಲೇ ತಳಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಹಾಲಿನಂತೆ ಒಂದೇ ಬಿಳುಪು ಬಂದ ಮೇಲೆ ಎಳೆಯಿರಿ. ಜೋರಾಗಿ ಕುಲುಕಿದರೆ ಗುಳ್ಳೆ ಬಂದು ಯೂನಿಟ್ ಕಡಿಮೆಯಾಗುತ್ತದೆ. ಎರಡನೆಯದು ಹೊತ್ತು. ಸಾಮಾನ್ಯ ಹ್ಯೂಮನ್ 30/70 ಆದರೆ ಊಟಕ್ಕೆ 30 ನಿಮಿಷ ಮುಂಚೆ ಚುಚ್ಚಬೇಕು. ತಟ್ಟೆ ಮುಂದಿಟ್ಟುಕೊಂಡು ಚುಚ್ಚಿದರೆ ಮುದ್ದೆಯ ಸಕ್ಕರೆ ಮೊದಲು ಏರಿಬಿಡುತ್ತದೆ, ಇನ್ಸುಲಿನ್ ಹಿಂದೆ ಬೀಳುತ್ತದೆ.

ಪ್ರಶ್ನೆ: ಇನ್ಸುಲಿನ್ ಚುಚ್ಚುವ ಪೆನ್ ಕೆಟ್ಟಿದೆ. ಅದರೊಳಗಿನ ಔಷಧದ ಕೊಳವೆ, ಅಂದರೆ ಕಾರ್ಟ್ರಿಜ್‌ನಿಂದ ಮನೆಯಲ್ಲಿರುವ ಸಿರಿಂಜಿಗೆ ಔಷಧ ಎಳೆದುಕೊಳ್ಳಬಹುದೇ?

ಉತ್ತರ: ಬೇಡ, ಜೀವಕ್ಕೇ ಅಪಾಯ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂಎಲ್ ಬಾಟಲಿಯಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಪೆನ್ ಕಾರ್ಟ್ರಿಜ್‌ನಲ್ಲಿ 100. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳಿರುವುದು 40ರ ಲೆಕ್ಕಕ್ಕೆ. ಅದರಲ್ಲಿ 20ರ ಗೆರೆಯವರೆಗೆ ಕಾರ್ಟ್ರಿಜ್ ಔಷಧ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ಇದರ ವಿರುದ್ಧವೂ ಆಗುತ್ತದೆ. 40ರ ಬಾಟಲಿಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು ಬಳಸಿದರೆ 20ರ ಗೆರೆಗೆ ಬರುವುದು ಬರೀ 8 ಯೂನಿಟ್. ಮುಚ್ಚಳದ ಬಣ್ಣ ಒಂದನ್ನೇ ನಂಬಬೇಡಿ, ಬಾಟಲಿ ಮತ್ತು ಸಿರಿಂಜು ಎರಡರ ಮೇಲೂ ಒಂದೇ ಸಂಖ್ಯೆ ಇದೆಯೇ ಎಂದು ಮೆಡಿಕಲ್ ಶಾಪ್‌ನಲ್ಲೇ ಓದಿ ನೋಡಿ.

ಪ್ರಶ್ನೆ: ಇನ್ಸುಲಿನ್ ಶುರು ಮಾಡಿದರೆ ಅದು ಚಟವಾಗುತ್ತದೆಯೇ?

ಉತ್ತರ: ಇಲ್ಲ. ದೇಹ ತಾನೇ ತಯಾರಿಸುವ ಹಾರ್ಮೋನ್ ಅದು, ಕೊರತೆ ಬಿದ್ದಷ್ಟನ್ನು ಹೊರಗಿನಿಂದ ಕೊಡುತ್ತೇವೆ. ಆಪರೇಷನ್ ಅಥವಾ ಗರ್ಭಧಾರಣೆಯ ವೇಳೆ ಶುರು ಮಾಡಿ ಆಮೇಲೆ ನಿಲ್ಲಿಸಿದವರು ಎಷ್ಟೋ ಮಂದಿ. ಟೈಪ್ 1 ಮಧುಮೇಹ (ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋದ ಬಗೆ) ಇರುವವರು ಮಾತ್ರ ಒಂದು ದಿನವೂ ಬಿಡುವಂತಿಲ್ಲ.

ಪ್ರಶ್ನೆ: ಕಲಬುರಗಿ ಕಡೆಯ ಹಳ್ಳಿ, ಮನೆಯಲ್ಲಿ ಫ್ರಿಜ್ ಇಲ್ಲ. ಬೇಸಿಗೆಯಲ್ಲಿ ಬಾಟಲಿ ಎಲ್ಲಿಡುವುದು?

ಉತ್ತರ: ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದೊಂದನ್ನಿಟ್ಟು ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆ ಎರಡು ಸಲ ನೆನೆಸಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಗಡಿಗೆ ನೆರಳಲ್ಲಿ, ಗಾಳಿಯಾಡುವ ಕಡೆ ಇರಲಿ. ನೀರು ಆರುವಾಗಲೇ ತಂಪು ಹುಟ್ಟುವುದು, ಆದ್ದರಿಂದ ಒಣ ಬೇಸಿಗೆಯ ನಿಮ್ಮ ಊರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಾಟಲಿಯನ್ನು ಒಂದೊಂದೇ ತನ್ನಿ. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. 400 ಯೂನಿಟ್‌ನ ಬಾಟಲಿ ದಿನಕ್ಕೆ 10 ಯೂನಿಟ್ ತಗೊಳ್ಳುವವರಿಗೆ 40 ದಿನ ಬರುತ್ತದೆ, ಆದರೆ ಉಳಿದಿದ್ದರೂ ನಾಲ್ಕು ವಾರಕ್ಕೆ ಅದನ್ನು ಬಿಡಬೇಕು. ಉರುಳಿಸಿದರೂ ಬೆರೆಯದ ಬಿಳಿ ಚೂರುಗಳು ಕಂಡರೆ ಅಥವಾ ಮಂಜುಗಟ್ಟಿದ್ದರೆ ಎಸೆಯಿರಿ. ಪಕ್ಕದ ಮನೆಯ ಫ್ರಿಜ್‌ನಲ್ಲಿಟ್ಟರೂ ಐಸ್ ಕಟ್ಟುವ ಖಾನೆಯ ಹತ್ತಿರ ಬೇಡ.

ಪ್ರಶ್ನೆ: ರಾತ್ರಿ ಬೆವರು, ನಡುಕ ಬಂದಾಗ ಲಡ್ಡು ಕೊಡುತ್ತೇವೆ. ಸರಿಯೇ?

ಉತ್ತರ: ಬೆವರು, ನಡುಕ ಶುಗರ್ ತೀರಾ ಇಳಿದ ಲಕ್ಷಣ ಇರಬಹುದು, ಆದರೆ ಲಡ್ಡು ಬೇಡ. ಲಡ್ಡುವಿನ ತುಪ್ಪ ಸಕ್ಕರೆಯನ್ನು ತಡೆಯುತ್ತದೆ, ಏರುವುದು ತಡವಾಗುತ್ತದೆ. ಶುಗರ್ 70ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಡಲು ಮೀಟರ್ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ನೋಡಿ, ಏರಿಲ್ಲವಾದರೆ ಮತ್ತಷ್ಟೇ ಕೊಡಿ. ಸರಿಹೋದ ಮೇಲೆ ಎರಡು ಬಿಸ್ಕತ್ತೋ ಅರ್ಧ ಚಪಾತಿಯೋ ತಿನ್ನಿಸಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡದು, ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, ಯಾವ ಇನ್ಸುಲಿನ್, ಎಷ್ಟು ಯೂನಿಟ್, ಎಷ್ಟು ಹೊತ್ತಿಗೆ ಚುಚ್ಚಿದ್ದು ಎಂದು ಬಂದವರಿಗೆ ಹೇಳಿ.